ಕಣ್ಣು ಹೋದಲ್ಲಿ ಗಾಲಿ

ಭಾನುವಾರ ಐದೂವರೆಗೆ ಲಿಫ್ಟಿನಲ್ಲಿ
ಸೈಕಲ್ಲನ್ನು ಹಿಂದಿನ ಗಾಲಿಯ ಮೇಲೆ ನಿಲ್ಲಿಸಿಕೊಂಡು ಇಳಿಯುತ್ತೇನೆ,
ಮುಂಗಾಲೆತ್ತಿದ ಕುದುರೆಯ ಕಿವಿ ಹಿಡಿದು ನಿಂತ ಹಾಗೆ.
ಕನ್ನಡಿಯಲ್ಲಿ ಹೆಲ್ಮೆಟ್ಟು, ಮೊಣಕಾಲಿನ ಪ್ಯಾಡು,
ನಲವತ್ತೇಳು ವರ್ಷದ ಹೊಟ್ಟೆ.
ಗೇಟು ತೆರೆಯುತ್ತ ವಾಚ್‌ಮನ್ ಇವತ್ತೂ ಕೇಳುತ್ತಾನೆ:
"ಗುಂಡಿ ಬೇಕಂದ್ರೆ ನಮ್ಮ ಏಳನೇ ಕ್ರಾಸಲ್ಲೇ ಇದಾವಲ್ಲ ಸಾರ್,
ಅಷ್ಟು ದೂರ ಯಾಕೆ?"

ಉತ್ತರಹಳ್ಳಿ ದಾಟುವಾಗ ಹಾಲಿನ ಕ್ರೇಟುಗಳಿನ್ನೂ ಬೀದಿಯಲ್ಲಿ.
ದಪ್ಪ ಟಯರಿಗೆ ಟಾರು ಒಗ್ಗುವುದಿಲ್ಲ,
ದಾರಿಯುದ್ದಕ್ಕೂ ಗುಂಯ್ ಅಂತ ಗೊಣಗುತ್ತದೆ.
ಕೊನೆಯ ಅಪಾರ್ಟ್‌ಮೆಂಟಿನ ಕಾಂಪೌಂಡು ಮುಗಿದು
ತುರಹಳ್ಳಿಯ ಕೆಮ್ಮಣ್ಣು ಸಿಕ್ಕ ಕೂಡಲೇ
ಬಾಯಿ ಮುಚ್ಚಿಕೊಳ್ಳುತ್ತದೆ.

ವಾರವಿಡೀ ನಾನು ತ್ಯಾಗರಾಜನಗರದ ಕತ್ತಲೆ ಕೋಣೆಯೊಂದರಲ್ಲಿ
ಒಬ್ಬೊಬ್ಬರ ಕಣ್ಣಿಗೂ ಗಾಜು ಬದಲಿಸುತ್ತ ಕೇಳುವವನು:
ಇದು ಚೆನ್ನಾಗಿದೆಯಾ? ಇದಾ?
ಮೊದಲಿಂದೋ, ಎರಡನೇದೋ?
ಅರ್ಧ ಜನಕ್ಕೆ ಹತ್ತಿರದ್ದು ಕಾಣುವುದಿಲ್ಲ, ಇನ್ನರ್ಧಕ್ಕೆ ದೂರದ್ದು.
ನನಗೀಗ ಎರಡೂ.
ಒಂದೇ ಗಾಜಿನಲ್ಲಿ ಮೇಲೆ ದೂರ, ಕೆಳಗೆ ಪೇಪರು ಓದುವಷ್ಟು.
ನಾನೇ ಅಳೆದು, ನಾನೇ ಉಜ್ಜಿ, ನಾನೇ ಕೂರಿಸಿಕೊಂಡೆ.
ಗಿರಾಕಿಗಳಿಗೆಲ್ಲ ಹೇಳುವ ಮಾತನ್ನು ನನಗೆ ಯಾರೂ ಹೇಳಲಿಲ್ಲ:
ಮೆಟ್ಟಿಲು ಇಳಿಯುವಾಗ ಹುಷಾರು.

ಬಂಡೆಯ ಹೆಸರು ಇಮ್ತಿಯಾಜನ ಹಲ್ಲು.
ಮೂರು ವರ್ಷದ ಹಿಂದೆ ಸೊಂಟದೆತ್ತರದ ಆ ನೆಗೆತದಲ್ಲಿ
ಒಂದನ್ನು ಅಲ್ಲೇ ಇಟ್ಟು ಬಂದ.
ಐದು ಜನ ಮಂಡಿಯೂರಿ ಹುಡುಕಿದೆವು, ಸಿಗಲಿಲ್ಲ.
ಎಸಿ ರಿಪೇರಿ ಅವನ ಕೆಲಸ; ಭಾನುವಾರ ಮಾತ್ರ ನಮಗೆಲ್ಲ ಗುರು.
'ಸ' ಅನ್ನುವಾಗೆಲ್ಲ ಹಲ್ಲಿನ ಸಂದಿಯಿಂದ ಗಾಳಿ ಸೋರುತ್ತದೆ:
"ಸಂಪಂಗಿ, ಸೀದಾ ದೂರ ನೋಡಿ.
ಕಣ್ಣು ಹೋದ ಕಡೆನೇ ಗಾಲಿ ಹೋಗೋದು.
ಕಲ್ಲು ನೋಡಿದ್ರೆ ಕಲ್ಲಿಗೇ."

ನಾನು ಕಲ್ಲನ್ನೇ ನೋಡುತ್ತೇನೆ.
ಗಾಜಿನ ತಳದಲ್ಲಿ ಅದು ಉಬ್ಬಿ ಬಂದು ಓದು, ಓದು ಎನ್ನುತ್ತದೆ:
ಅಭ್ರಕದ ಚುಕ್ಕೆ, ಯಾರದೋ ಪೆಡಲು ಎಳೆದ ಬಿಳಿ ಗೀರು,
ಒಂದು ಗೊದ್ದ.
ಓದಿ ಮುಗಿಸುವುದರೊಳಗೆ ಎರಡೂ ಬ್ರೇಕು ಹಿಡಿದಾಗಿರುತ್ತದೆ.
ಇಳಿದು, ಸೈಕಲ್ಲು ಹೆಗಲಿಗೇರಿಸಿ,
ಲಾಂಟಾನ ಪೊದೆಯ ಪಕ್ಕದ ಕಾಲುದಾರಿ ಹಿಡಿಯುತ್ತೇನೆ.
ಹತ್ತೊಂಬತ್ತು ಭಾನುವಾರ.
ಸೌದೆಗೆ ಬಂದ ಪಿಳ್ಳಮ್ಮ ಒಮ್ಮೆ ಹೊರೆ ಇಳಿಸಿ ಕೇಳಿದಳು:
"ಅದು ನಿನ್ನ ಹೊರಬೇಕೋ, ನೀನು ಅದನ್ನ ಹೊರಬೇಕೋ?"

ಬಿದ್ದದ್ದು ಮಾತ್ರ ಬೇರೆಲ್ಲೋ,
ಮಗು ಕೂಡ ಬೀಳದ ಸಮತಟ್ಟಿನಲ್ಲಿ, ನೀರಿನ ಬಾಟಲಿ ತೆಗೆಯುವಾಗ.
ಸೋಮವಾರ ಅಂಗೈಯ ತರಚು ಕಂಡ ಗಿರಾಕಿಗೆ
ಬಚ್ಚಲಲ್ಲಿ ಜಾರಿದೆ ಅಂದೆ.
ವೈಜಯಂತಿ ಏನೂ ಅನ್ನಲಿಲ್ಲ.
ಚೈನಿನ ಗ್ರೀಸು ಮೆತ್ತಿದ ಟವೆಲ್ಲನ್ನು ನಾಲ್ಕು ಮಡಿಕೆ ಮಡಚಿ
ನನ್ನ ದಿಂಬಿನ ಮೇಲಿಟ್ಟಳು.

ಹೋದ ವಾರ ಉಳಿದವರು ಹಿಂದೆ ಪಂಕ್ಚರು ಹಚ್ಚುತ್ತಿದ್ದರು.
ಒಬ್ಬನೇ ಬಂಡೆಯ ನೆತ್ತಿಗೆ ಬಂದೆ.
ದೂರದಲ್ಲಿ, ನೀಲಗಿರಿ ತುದಿಗಳಾಚೆ, ಕನಕಪುರ ರಸ್ತೆಯ ಮೇಲೆ
ಏಳು ಗಂಟೆಯ ಮೊದಲ ಮೆಟ್ರೋ ಹರಿದು ಬಂತು.
ಕಸುಬಿನವನ ಚಟ, ಎಣಿಸಿ ನೋಡಿದೆ, ಕಾಣುತ್ತದಾ ಅಂತ:
ಒಂದು, ಎರಡು, ಮೂರು...
ನಾಲ್ಕರಲ್ಲಿ ಹೊಟ್ಟೆ ಹಗುರವಾಯಿತು.
ಐದರಲ್ಲಿ ಏನೋ ಧೊಪ್ಪೆಂದಿತು, ಮುಂದಿನ ಫೋರ್ಕು ಉಸಿರು ಬಿಟ್ಟಿತು.
ಆರನೇ ಬೋಗಿ ಮರದ ಹಿಂದೆ ಸರಿಯುವಾಗ
ಕಲ್ಲು ನನ್ನ ಬೆನ್ನಿಗಿತ್ತು.

ಯಾರೂ ನೋಡಲಿಲ್ಲ.
"ಸುಳ್ಳು" ಅಂದ ಇಮ್ತಿಯಾಜ್, ಗಾಳಿ ಸೋರಿಸುತ್ತ.
ಎಲ್ಲರನ್ನೂ ಕೆಳಗೆ ಸಾಲಾಗಿ ನಿಲ್ಲಿಸಿ
ಎದೆಯುಬ್ಬಿಸಿ ಮತ್ತೆ ಹೊರಟೆ.
ರೈಲು ಇರಲಿಲ್ಲ.
ಕಲ್ಲು ಇತ್ತು, ಗೊದ್ದವೂ.

ಲಾಂಟಾನದ ಬದಿಯಲ್ಲಿ ನಡೆದು ಬರುವಾಗ
ಹೆಗಲ ಮೇಲೆ ಹಿಂದಿನ ಗಾಲಿ
ಟಿಕ್ ಟಿಕ್ ತಿರುಗುತ್ತಲೇ ಇತ್ತು,
ತಾನಿನ್ನೂ ಇಳಿಯುತ್ತಿದ್ದೇನೆ ಎಂದುಕೊಂಡು.